ಒಂದೇ ಸಲದ ‘ಬೇಡ’

ನಮ್ಮಲ್ಲಿ ಊಟಕ್ಕೆ ಕೂತವರ ‘ಬೇಡ’ಕ್ಕೆ ಮೂರು ಕಂತು. ಮೊದಲನೆಯದು ಸಂಕೋಚಕ್ಕೆ, ಎರಡನೆಯದು ಮರ್ಯಾದೆಗೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಹೇಳುವ ಮೂರನೆಯದು ಮಾತ್ರ ನಿಜದ್ದು, ಅದನ್ನೂ ಬಡಿಸುವವರು ನಂಬುವ ಖಾತ್ರಿಯಿಲ್ಲ. ಈ ಅಭ್ಯಾಸವನ್ನು ಸೂಟ್‌ಕೇಸಿನ ಜೊತೆ ಹೊತ್ತುಕೊಂಡು ಇಂಗ್ಲೆಂಡಿನಲ್ಲಿ ಹೋಸ್ಟ್ ಫ್ಯಾಮಿಲಿಯ, ಅಂದರೆ ಹೊರಗಿನಿಂದ ಬಂದವರನ್ನು ತಮ್ಮ ಜೊತೆ ಇರಿಸಿಕೊಂಡು ಊಟ ಹಾಕುವ ಕುಟುಂಬದ, ಮನೆಯಲ್ಲಿ ಇಳಿದವರು ಮೊದಲ ರಾತ್ರಿ ಅರೆಹೊಟ್ಟೆಯಲ್ಲಿ ಮಲಗುತ್ತಾರೆ. ಮನೆಯೊಡತಿ ಆಲೂಗಡ್ಡೆಯ ಬಟ್ಟಲು ಹಿಡಿದು “ಇನ್ನೊಂಚೂರು?” ಎನ್ನುತ್ತಾರೆ. ನೀವು ನಾಚಿಕೊಂಡು “ನೋ, ಥ್ಯಾಂಕ್ಯೂ” ಎನ್ನುತ್ತೀರಿ. ಬಟ್ಟಲು ಹೋಯಿತು, ಹೋದದ್ದೇ. ಇದು ಜಿಪುಣತನವಲ್ಲ. ಬೇಡ ಎಂದವರನ್ನು ಮತ್ತೆ ಮತ್ತೆ ಕೇಳಿದರೆ ಪೀಡಿಸಿದಂತೆ ಎಂಬುದು ಅವರ ಲೆಕ್ಕ. ಹಸಿವಿದ್ದರೆ ಮೊದಲ ಸಲವೇ “ಯೆಸ್, ಪ್ಲೀಸ್” ಅನ್ನಿ. ‘ಪ್ಲೀಸ್’ ಮರೆತರೆ ಅಪ್ಪಣೆ ಕೊಟ್ಟ ಹಾಗೆ ಕೇಳಿಸುತ್ತದೆ.

ಈ ಸಂಕೋಚಕ್ಕೆ ದೊಡ್ಡವರ ಪರಂಪರೆಯೇ ಇದೆ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು 1888ರಲ್ಲಿ ಲಂಡನ್ನಿಗೆ ಓದಲು ಹೋದ ಗಾಂಧೀಜಿಗೆ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಸೊಪ್ಪು, ಬ್ರೆಡ್ಡು, ಜಾಮು. ಎರಡು ಮೂರು ಸ್ಲೈಸಿಗಿಂತ ಹೆಚ್ಚು ಕೇಳಲು ನಾಚಿಕೆ. ಆಮೇಲಿದ್ದ ಮನೆಯಲ್ಲಿ ಒಡತಿಯ ಇಬ್ಬರು ಹೆಣ್ಣುಮಕ್ಕಳು ಒತ್ತಾಯ ಮಾಡಿ ಒಂದೆರಡು ಸ್ಲೈಸ್ ಹೆಚ್ಚಿಗೆ ಹಾಕುತ್ತಿದ್ದರಂತೆ. ಇಡೀ ಲೋಫ್ ಬೇಕಾಗಿದ್ದ ಹಸಿವು ಪಾಪ ಅವರಿಗೇನು ಗೊತ್ತು! ಕೊನೆಗೆ ಹೊಟ್ಟೆ ತುಂಬಿದ್ದು ಫ್ಯಾರಿಂಗ್‌ಡನ್ ಸ್ಟ್ರೀಟಿನಲ್ಲಿ ಸಸ್ಯಾಹಾರದ ಹೋಟೆಲು ಸಿಕ್ಕ ಮೇಲೆಯೇ.

ಐರ್ಲೆಂಡಿನ ಹಳ್ಳಿ ಕಡೆ, ಅದರಲ್ಲೂ ಹಿರಿಯರಿರುವ ಮನೆಯಲ್ಲಿ, ವ್ಯವಹಾರ ಬೇರೆ. ಟೀ ಬೇಡವೆಂದರೆ “ಒಂದು ಗುಟುಕಾದರೂ”, ಮತ್ತೆ ಬೇಡವೆಂದರೆ “ನೀರು ಹೇಗೂ ಕಾದಿದೆಯಲ್ಲ”. ಶಿರಸಿ ಕಡೆಯವರಿಗೆ ನೆಂಟರ ಮನೆಗೇ ಬಂದ ಹಾಗೆ ಅನ್ನಿಸೀತು. ಒಂದೇ ತಟ್ಟೆಯಲ್ಲಿ ಹಿಸುಕಿದ ಆಲೂಗಡ್ಡೆ, ಪಕ್ಕದಲ್ಲೇ ರೋಸ್ಟ್ ಮಾಡಿದ ಆಲೂಗಡ್ಡೆ ಬಂದರೆ ಗಾಬರಿಯಾಗಬೇಡಿ. ಅಲ್ಲಿ ಅವು ಎರಡು ಬೇರೆ ಬೇರೆ ಪದಾರ್ಥ.

ಅಡುಗೆ ತಲೆ ಎಣಿಸಿ ಮಾಡಿದ್ದು. ಮೂವರಿದ್ದರೆ ಆರು ಸಾಸೇಜ್, ತಲಾ ಎರಡು. ಹಾಗಾಗಿ ದಾರಿಯಲ್ಲಿ ಸಿಕ್ಕ ಗೆಳೆಯನನ್ನು “ಬಾರೋ, ಊಟ ಮಾಡ್ಕೊಂಡು ಹೋಗು” ಎಂದು ಕರೆತಂದರೆ ಯಾರದೋ ಪಾಲಿನ ಸಾಸೇಜ್ ಹೋಗುತ್ತದೆ. ರಾತ್ರಿಯೂಟ ಸಾಮಾನ್ಯವಾಗಿ ಸಂಜೆ ಆರು, ಆರೂವರೆಗೆ, ನಮ್ಮವರು ಬೋಂಡಾ ತಿನ್ನುವ ಹೊತ್ತಿಗೆ. ತಡವಾಗುವುದಾದರೆ ಅವರು ಒಲೆ ಹಚ್ಚುವ ಮೊದಲೇ, ನಾಲ್ಕರೊಳಗೆ, ಮೆಸೇಜ್ ಹಾಕಿ. ನಿಮ್ಮ ಪಾಲಿನ ತಟ್ಟೆಗೆ ಫಾಯಿಲ್ ಮುಚ್ಚಿಟ್ಟಿರುತ್ತಾರೆ. ಅದನ್ನು ತೆಗೆಯದೆ ಮೈಕ್ರೋವೇವಿಗೆ ಇಟ್ಟರೆ ಊಟಕ್ಕಿಂತ ಮೊದಲು ಕಿಡಿ ಹಾರುತ್ತದೆ.

ಫೋರ್ಕು ಎಡಗೈಗೆ, ಚಾಕು ಬಲಗೈಗೆ. ಎಡಗೈಯಲ್ಲಿ ತಿನ್ನಲು ಒಗ್ಗದೆ ಬಟಾಣಿ ಉರುಳಿಸುತ್ತ ಕೂರುವವರಿಗೆ ಒಂದು ಉಪಾಯ: ಮೊದಲು ಫೋರ್ಕಿಗೆ ಸ್ವಲ್ಪ ಹಿಸುಕಿದ ಆಲೂಗಡ್ಡೆ ಮೆತ್ತಿ, ಚಾಕುವಿನಿಂದ ಬಟಾಣಿಯನ್ನು ಅದಕ್ಕೆ ಒತ್ತಿ. ಅಂಟಿಕೊಳ್ಳುತ್ತದೆ. ಊಟದ ನಡುವೆ ಸುಧಾರಿಸಿಕೊಳ್ಳಲು ಚಾಕು, ಫೋರ್ಕುಗಳನ್ನು ಜೋಡಿಸಿ ಇಟ್ಟುಬಿಟ್ಟೀರಿ ಜೋಕೆ. ಜೋಡಿಯಾಗಿ ಇಟ್ಟರೆ ಊಟ ಮುಗಿಯಿತೆಂದು ಅರ್ಥ, ಅರ್ಧ ತಿಂದ ತಟ್ಟೆ ಸಿಂಕಿಗೆ ಹೋಗುತ್ತದೆ. ವಿರಾಮಕ್ಕೆ ಎರಡನ್ನೂ ಬೇರೆ ಬೇರೆ, ಓರೆಯಾಗಿ ಇಡಬೇಕು. ಉಪ್ಪಿನ ಡಬ್ಬಿ ಕೈಗೆಟುಕುವಂತಿದ್ದರೂ ಇನ್ನೊಬ್ಬರ ತಟ್ಟೆಯ ಮೇಲಿಂದ ಕೈ ಚಾಚಬಾರದು, ಕೇಳಿ ಪಡೆಯಬೇಕು. ತೇಗು ಇಲ್ಲಿ ಅಡುಗೆಗೆ ಪ್ರಶಂಸೆಯಲ್ಲ.

“ನಾನು ವೆಜಿಟೇರಿಯನ್” ಎಂದಷ್ಟೇ ಹೇಳಿದರೆ ಮೊಟ್ಟೆ ತಿನ್ನುತ್ತೀರೆಂದೇ ತಿಳಿಯುತ್ತಾರೆ. ಭಾನುವಾರದ ರೋಸ್ಟಿನಲ್ಲಿ ಮಾಂಸ ಬಿಟ್ಟು ಉಳಿದದ್ದನ್ನೆಲ್ಲ ಬಡಿಸಿ “ಇದು ನಿಮಗೆ” ಎಂದಾಗ ಪ್ರೀತಿಗೆ ಕೊರತೆಯಿಲ್ಲ. ಆದರೆ ಆಲೂಗಡ್ಡೆ ಬೆಂದದ್ದು ಬಾತುಕೋಳಿ ಜಾತಿಯ ಗೂಸ್ ಹಕ್ಕಿಯ ಕೊಬ್ಬಿನಲ್ಲಿ ಇರಬಹುದು, ಗ್ರೇವಿ ಅದೇ ಮಾಂಸದ ಟ್ರೇಯಿಂದ ಬಸಿದದ್ದಿರಬಹುದು. ಯಾರ್ಕ್‌ಶೈರ್ ಪುಡಿಂಗ್ ಸಿಹಿಯಲ್ಲ: ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಕಾದ ಕೊಬ್ಬಿಗೆ ಸುರಿದು ಉಬ್ಬಿಸಿದ್ದು. ಬೆಳಗಿನ ತಟ್ಟೆಯ ಬ್ಲ್ಯಾಕ್ ಪುಡಿಂಗಿನಲ್ಲಿರುವುದು ಹಂದಿಯ ರಕ್ತ. ವೂಸ್ಟರ್ ಸಾಸಿನಲ್ಲಿ ಮೀನು. ಮೊಟ್ಟೆಯನ್ನೂ ತಿನ್ನದವರಿಗೆ ಸಮಾಧಾನವೆಂದರೆ ಡಬ್ಬಿಯ ಕಸ್ಟರ್ಡ್ ಪುಡಿ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಅದನ್ನು ಮಾಡಿದ್ದೇ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲವೆಂದು. ಬೇಡದ ಪದಾರ್ಥಗಳನ್ನು ಹೆಸರು ಹಿಡಿದು ಬರೆದು, ಹೋಗುವ ಮೊದಲೇ ಕಳಿಸಿ. ತಟ್ಟೆ ಎದುರು ಬಂದ ಮೇಲೆ ಹೇಳಿದರೆ ಇಬ್ಬರಿಗೂ ಕಸಿವಿಸಿ.

ಎರಡು ವಾರದ ಸಪ್ಪೆ ಊಟದ ಬಳಿಕ “ಇವತ್ತು ನಾನು ಸಾರು ಮಾಡ್ತೀನಿ” ಎನ್ನುವ ಉತ್ಸಾಹ ಬರುವುದುಂಟು. ಅಪಾಯವಿರುವುದು ಸಾರಿನಲ್ಲಲ್ಲ, ಒಗ್ಗರಣೆಯಲ್ಲಿ. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಒಲೆಯ ಮೇಲಿನ ಫ್ಯಾನನ್ನು ಪೂರ್ತಿ ವೇಗಕ್ಕೆ ಹಾಕಿ. ಎಣ್ಣೆ ಎರಡೇ ಚಮಚ, ಮುಚ್ಚಳ ಕೈಯಲ್ಲೇ ಇರಲಿ. ಸಾಸಿವೆ ಸಿಡಿದ ಕೂಡಲೇ ಒಲೆ ಆರಿಸಿ, ಆಮೇಲೆ ಇಂಗು, ಒಣಮೆಣಸಿನಕಾಯಿ ಹಾಕಿ. ಘಾಟೇಳುವುದು ಮೆಣಸಿನಕಾಯಿ ಕಪ್ಪಾದಾಗ. ಆ ಹೊಗೆ ಪ್ಯಾಸೇಜಿನ ಸ್ಮೋಕ್ ಅಲಾರಂ ಮುಟ್ಟಿದರೆ ಇಡೀ ಮನೆ ಕೆಮ್ಮುತ್ತ ಹಿತ್ತಲಿಗೆ ಓಡುತ್ತದೆ. ಪಾತ್ರೆ ಒರೆಸುವ ಟೀ ಟವೆಲ್ ಎಲ್ಲಿ ನೇತುಹಾಕಿದ್ದಾರೆಂದು ಮೊದಲೇ ನೋಡಿಟ್ಟುಕೊಂಡಿರಿ. ಅಲಾರಮ್ಮಿನ ಕೆಳಗೆ ನಿಂತು ಅದನ್ನು ಬೀಸಿದರೆ ಸದ್ದು ಬೇಗ ನಿಲ್ಲುತ್ತದೆ.