ಅರಮನೆಗೊಂದು ಅಲ್ಪಾವಧಿ ಟೆಂಡರ್

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಗೇಟಿನ ಹೊರಗೆ ಚುರುಮುರಿ ತಿನ್ನುವುದು ನನ್ನ ವಾಕಿಂಗಿನ ಮುಖ್ಯ ಭಾಗ. ಏರಿ ಮೇಲಿನ ನಡಿಗೆ ಅದಕ್ಕೆ ಪೀಠಿಕೆ ಅಷ್ಟೆ. ಮೊನ್ನೆ ಪೊಟ್ಟಣ ಖಾಲಿಯಾದ ಮೇಲೆ ಅಭ್ಯಾಸಬಲದಿಂದ ಕಾಗದ ಬಿಡಿಸಿ ಓದಿದೆ. ಟೆಂಡರ್ ಪ್ರಕಟಣೆ. ಪಾರಂಪರಿಕ ಕಟ್ಟಡದ ದುರಸ್ತಿ ಮತ್ತು ಸಂರಕ್ಷಣೆ ಕಾಮಗಾರಿ. ಯಾವ ಕಟ್ಟಡ, ಯಾವ ಊರು ಅನ್ನುವ ಜಾಗದಲ್ಲಿ ಎಣ್ಣೆ ಹರಡಿ, ಒಂದು ಚೂರು ಟೊಮೆಟೊ ಅಂಟಿಕೊಂಡಿತ್ತು. ಓದಲು ಸಿಕ್ಕಿದ್ದು ಮೇಲಿನ ಸಾಲು ಮಾತ್ರ. ಅಲ್ಪಾವಧಿ ಟೆಂಡರ್, ಮೂರನೇ ಕರೆ. ಅಂದರೆ ಎರಡು ಸಲ ಕರೆದದ್ದು ಫಲಿಸದೆ, ರೇಟು ಕೊಡಲು ಕಮ್ಮಿ ದಿನ ಕೊಟ್ಟು ಮತ್ತೆ ಕರೆದದ್ದು.

ತಲೆಮಾರುಗಳಿಂದ ನಿಂತ ಕಟ್ಟಡ. ಅದಕ್ಕೆ ಅಲ್ಪಾವಧಿ. ಅದೂ ಮೂರನೇ ಕರೆ. ಹಾಜರಿ ಕರೆಯುವ ಮೇಷ್ಟ್ರು ಕೂಡ ಎರಡು ಸಲ ಕೂಗಿ ಆಬ್ಸೆಂಟ್ ಹಾಕಿಬಿಡುತ್ತಾರೆ. ಸರ್ಕಾರದ ತಾಳ್ಮೆ ದೊಡ್ಡದು.

ಟೆಂಡರ್ ಪದ್ಧತಿಯ ಬಗ್ಗೆ ನನಗೆ ಅಪಾರ ಗೌರವ. ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ನಮ್ಮಲ್ಲಿ 1999ರ ಕೆಟಿಪಿಪಿ ಕಾಯ್ದೆ ಇದೆ. ಅದರ ಹೆಸರಿನಲ್ಲೇ ಪಾರದರ್ಶಕತೆ ಇದೆ. ಹಳೆಯ ಬಂಗಲೆಗಳ ಮಟ್ಟಿಗೆ ಆ ಪಾರದರ್ಶಕತೆ ಚಾವಣಿಯಲ್ಲೇ ಕಾಣುತ್ತದೆ. ಒಳಗೆ ನಿಂತು ತಲೆ ಎತ್ತಿದರೆ ಆಕಾಶ. ಯಾರು ಕಮ್ಮಿ ರೇಟು ಕೊಟ್ಟರೋ ಅವರು ಎಲ್ ಒನ್, ಕೆಲಸ ಅವರಿಗೆ. ಮದುವೆಗೆ ಅಡುಗೆ ಭಟ್ಟರನ್ನು ಗೊತ್ತು ಮಾಡುವಾಗ ನಮ್ಮತ್ತೆ ಮೊದಲು ಅವರು ಅಡುಗೆ ಮಾಡಿದ ಒಂದು ಮದುವೆಗೆ ಹೋಗಿ, ಉಂಡು, ಸಾರಿನ ರುಚಿ ನೋಡಿಕೊಂಡು ಬರುತ್ತಿದ್ದರು. ಕರೆಯದಿದ್ದರೂ ಹೋಗುತ್ತಿದ್ದರು. ಒಂದೇ ದಿನದ ಊಟಕ್ಕೆ ಅಷ್ಟು ವಿಚಾರಣೆ. ಅರಮನೆಗೆ ಅಷ್ಟು ಬೇಡ ಅಂತ ಕಾಣುತ್ತದೆ.

ಹಾಗೇನಿಲ್ಲ, ಎರಡು ಲಕೋಟೆ ಪದ್ಧತಿ ಇದೆ ಅಂತ ಇಲಾಖೆಯ ಗೆಳೆಯರೊಬ್ಬರು ನನ್ನನ್ನು ತಿದ್ದಿದರು. ಮೊದಲ ಲಕೋಟೆಯಲ್ಲಿ ಅರ್ಹತೆ, ಎರಡನೆಯದರಲ್ಲಿ ರೇಟು. ಅರ್ಹತೆ ಅಂದರೆ ಲೈಸೆನ್ಸು, ವಹಿವಾಟು, ಜಿಎಸ್‌ಟಿ, ಮತ್ತೆ ‘ಇದೇ ರೀತಿಯ ಕಾಮಗಾರಿ’ ಮಾಡಿದ ಪತ್ರ. ಈ ‘ಇದೇ ರೀತಿ’ ಚೆನ್ನಾಗಿ ಹಿಗ್ಗುವ ಮಾತು. ಅರಮನೆಯೂ ಕಟ್ಟಡ, ಬಸ್ ಶೆಲ್ಟರೂ ಕಟ್ಟಡ. ಎರಡಕ್ಕೂ ಕಂಬ ಇದೆ. ಇನ್ನು ನಿಜವಾಗಿ ಗಾರೆ ಗೊತ್ತಿರುವ ಮುದುಕ ಮೇಸ್ತ್ರಿ ಎಲ್ಲಾದರೂ ಉಳಿದಿದ್ದರೆ, ಅವನ ಹತ್ತಿರ ಇರುವುದು ಒಂದು ಕರಣೆ, ಒಂದು ತೂಗುಗುಂಡು. ಅದನ್ನು ಪೋರ್ಟಲ್‌ಗೆ ಅಪ್‌ಲೋಡ್ ಮಾಡಲು ಬರುವುದಿಲ್ಲ.

ಗಾರೆ ಅಂದೆನಲ್ಲ, ಅದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಹಳೆಯ ಬಂಗಲೆಗಳೆಲ್ಲ ನಿಂತಿರುವುದು ಸುಣ್ಣದ ಗಾರೆಯ ಮೇಲೆ. ಸುಣ್ಣದ ಕಲ್ಲು ಸುಡಬೇಕು, ನೀರು ಹೊಯ್ದು ಅರಳಿಸಬೇಕು, ದಿನಗಟ್ಟಲೆ ನೆನೆಯಲು ಬಿಡಬೇಕು. ಮರಳೋ ಇಟ್ಟಿಗೆ ಪುಡಿಯೋ ಸೇರಿಸಿ ಗಾಣದಲ್ಲಿ ಎತ್ತು ಕಟ್ಟಿ ಅರೆಯಬೇಕು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಒಟ್ಟಿನಲ್ಲಿ ಗೋಡೆಗೆ ಬಾಣಂತಿಯ ಉಪಚಾರ. ಇದನ್ನು ಈಗ ಅಂದಾಜುಪಟ್ಟಿಯಲ್ಲಿ ಬರೆದು ನೋಡಿ. ‘ಬೆಲ್ಲ, ಇಷ್ಟು ಕೆಜಿ’ ಅಂತ ಕಂಡ ತಕ್ಷಣ ಆಡಿಟ್‌ನವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಕಾಮಗಾರಿ ಮಾಡಿದ್ದೋ ಪಾಯಸ ಮಾಡಿದ್ದೋ? ಸಿಮೆಂಟಾದರೆ ಆ ರಗಳೆ ಇಲ್ಲ. ಮೂಟೆ ಎಣಿಸಿದರೆ ಮುಗಿಯಿತು.

ಆದರೆ ಹಳೆಯ ಗೋಡೆ ಸಿಮೆಂಟ್ ಒಪ್ಪುವುದಿಲ್ಲ. ಗಾರೆ ಗೋಡೆ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ರೈನ್‌ಕೋಟ್ ಒಳಗೆ ಬೆವರಿದ ಹಾಗೆ. ಹೊರಗೆ ನೈಸಾಗಿ ಕಾಣುತ್ತದೆ, ಒಳಗೆ ಇಟ್ಟಿಗೆ ಪುಡಿಯಾಗುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಹಳೆಯ ಮನೆಯ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆಯ ಚಾವಣಿ) ಸೋರಿದಾಗ ಒಬ್ಬ ಮೇಸ್ತ್ರಿ ಬಂದ. “ಸಾರ್, ಮೇಲೆ ಎರಡಿಂಚು ಕಾಂಕ್ರೀಟ್ ಹಾಕಿಬಿಡೋಣ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ” ಅಂದ. ಮೊಮ್ಮಕ್ಕಳಿರಲಿ, ಮಗನ ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ತೊಲೆ ಕುಂಬಾಗಿತ್ತು. ಹೆಬ್ಬೆರಳು ಒತ್ತಿದರೆ ಉಗುರು ಮುಳುಗುವಷ್ಟು ಒಳಗೆ ಹೋಗುತ್ತಿತ್ತು. ಬೆರಳು ತೆಗೆದರೆ ತುದಿಯಲ್ಲಿ ಕಾಫಿ ಪುಡಿಯ ಹಾಗೆ ಮರ. ಆ ಮೇಸ್ತ್ರಿಯೂ ಎಲ್ ಒನ್. ಆರಿಸಿದವನು ನಾನೇ. ಅಂದಹಾಗೆ, ಸಿಮೆಂಟ್ ಮೆತ್ತುವವರನ್ನೂ ನಾವು ಇವತ್ತಿಗೂ ಗಾರೆ ಕೆಲಸದವರು ಅಂತಲೇ ಕರೆಯುತ್ತೇವೆ. ಹೆಸರು ಮಾತ್ರ ಸರಿಯಾಗಿ ಸಂರಕ್ಷಣೆ ಆಗಿದೆ.

ಚುರುಮುರಿ ಗಾಡಿಯಿಂದ ಸ್ವಲ್ಪ ದೂರದಲ್ಲೇ, ಮಾನಸಗಂಗೋತ್ರಿಯ ಮರಗಳ ನಡುವೆ ಜಯಲಕ್ಷ್ಮಿ ವಿಲಾಸ ಅರಮನೆ ಇದೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. ಕೋಣೆ 125, ಕಿಟಕಿ 300, ಬಾಗಿಲು 287. ಎಣಿಸಿದವರು ಯಾರೋ ಪುಣ್ಯಾತ್ಮರು. ಕುವೆಂಪು ಉಪಕುಲಪತಿಗಳಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು. ಜಾನಪದ ವಸ್ತುಸಂಗ್ರಹಾಲಯ ಬಂತು. ಈ ಶತಮಾನದ ಮೊದಲ ದಶಕದಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕೋಟಿಗೂ ಮೇಲೆ ದುಡ್ಡು ಕೊಟ್ಟು ದುರಸ್ತಿ ಮಾಡಿಸಿತು. ಆಮೇಲೆ? ಆಮೇಲೆ ಮಳೆ ಬಂತು. ಪ್ರತಿ ವರ್ಷ ಬಂತು. ಚಾವಣಿ ಸೋರಿತು, ಗೋಡೆ ಬಿರುಕು ಬಿಟ್ಟಿತು, ಸಂಗ್ರಹಾಲಯಕ್ಕೆ ಬೀಗ ಬಿತ್ತು. ಒಳಗಿದ್ದದ್ದು ತೊಗಲುಗೊಂಬೆ. ನೀರು ಬಿದ್ದರೆ ತೊಗಲು ಏನಾಗುತ್ತದೆ ಅಂತ ನೆನೆದ ಚಪ್ಪಲಿ ಹಾಕಿಕೊಂಡವರಿಗೆಲ್ಲ ಗೊತ್ತು.

ದುಡ್ಡು ಕೊಟ್ಟವರನ್ನು ಬೈಯುತ್ತಿಲ್ಲ. ಅವರು ಒಮ್ಮೆ ಕೊಡಬಹುದು, ಪ್ರತಿ ಮೇ ತಿಂಗಳು ಬಂದು ತಾರಸಿ ಹತ್ತಲು ಆಗುತ್ತದಾ? ಹಳೆಯ ಕಟ್ಟಡಕ್ಕೆ ಮಳೆಗೆ ಮೊದಲು ಏಣಿ ಹಾಕಿ ಎಲೆ ಗುಡಿಸುವ, ಮಳೆನೀರು ಹರಿಯುವ ದೋಣಿಯ ಕಸ ತೆಗೆಯುವ, ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿ ಕೀಳುವ ಒಬ್ಬ ಮನುಷ್ಯ ಬೇಕು. ಸಸಿ ಎರಡೆಲೆ ಇದ್ದಾಗ ಎರಡು ಬೆರಳು ಸಾಕು. ಹಾಗೇ ಬಿಟ್ಟರೆ ಬೇರು ಗೋಡೆ ಸೀಳಿ ಕೋಟಿಗಳ ಅಂದಾಜುಪಟ್ಟಿಯಾಗಿ ಬೆಳೆಯುತ್ತದೆ. ಆದರೆ ಎರಡೆಲೆ ಸಸಿಗೆ ಗುದ್ದಲಿ ಪೂಜೆ ಮಾಡಲು ಯಾವ ಮಂತ್ರಿ ಬರುತ್ತಾರೆ? ಅಷ್ಟಕ್ಕೂ, ನಿಂತಿರುವ ಕಟ್ಟಡದ ರಿಪೇರಿಗೆ ಗುದ್ದಲಿ ಪೂಜೆ ಯಾಕೆ ಅನ್ನುವುದೇ ನನಗೆ ಬಗೆಹರಿದಿಲ್ಲ. ಅಗೆಯುವುದು ಎಲ್ಲಿ? ಪಾಯದ ಪಕ್ಕದಲ್ಲಿ ತಾನೇ? ಹಾರ ಹಾಕಿದ ಗುದ್ದಲಿ, ಅರಿಶಿನ ಕುಂಕುಮ, ಸುತ್ತ ಮೂವತ್ತು ಜನ ಒಟ್ಟಿಗೆ ಒಂದೇ ಗುದ್ದಲಿಯ ಹಿಡಿ ಮುಟ್ಟುವ ಫೋಟೊ. ಹಳೆಯ ಗೋಡೆ ಅದನ್ನು ನೋಡಿಯೇ ಅರ್ಧ ಜೀವ ಬಿಡುತ್ತದೆ.

ಉಳಿದರ್ಧವನ್ನು ದುರಸ್ತಿ ತೆಗೆಯುತ್ತದೆ. ದೇವರಾಜ ಮಾರುಕಟ್ಟೆಯ ಕಥೆ ನಿಮಗೆ ಗೊತ್ತೇ ಇದೆ. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದುಬಿತ್ತು. ಅಷ್ಟು ವರ್ಷ ಹೂವು, ಬಾಳೆಹಣ್ಣು, ಕುಂಕುಮದ ರಾಶಿ ಹೊತ್ತುಕೊಂಡು ನಿಂತಿದ್ದ ಕಟ್ಟಡ. ಆಮೇಲೆ ಸಮಿತಿಗಳು ಬಂದವು. ಒಂದು ಕೆಡವಿ ಅಂದಿತು, ಇನ್ನೊಂದು ಉಳಿಸಿ ಅಂದಿತು, ವಿಷಯ ಹೈಕೋರ್ಟಿಗೆ ಹೋಯಿತು. ಸಮಿತಿಗಳ ವರದಿ ಮಾತ್ರ ಗಟ್ಟಿ ಬೈಂಡಿಂಗಿನವು. ಎಷ್ಟು ಮಳೆಯಾದರೂ ಬೀಳುವುದಿಲ್ಲ.

ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಬಗ್ಗೆ ತಮಾಷೆ ಮಾಡಬೇಕು ಅಂತಲೇ ಕೂತಿದ್ದೆ. ಆಗುತ್ತಿಲ್ಲ. 1892ರಲ್ಲಿ ವೈಸರಾಯ್ ಬರುತ್ತಾರೆ ಅಂತ ಕಟ್ಟಿದ್ದು. ಅಲ್ಲಿನ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಗಳಲ್ಲಿ ಅರ್ಧ ಮೈಸೂರು ಓದು ಕಲಿತಿದೆ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅದಾಗಿ ನಾಲ್ಕು ವರ್ಷಕ್ಕೆ, ಅದೇ ಆಗಸ್ಟ್‌ನಲ್ಲಿ, ರಸ್ತೆ ಆಚೆಯ ಮಾರುಕಟ್ಟೆ ಬಿತ್ತು. ನಾಲ್ಕು ಹೆಣ ಹೊತ್ತ ಊರಿಗೆ ನಾಲ್ಕು ವರ್ಷದಲ್ಲಿ ಒಂದು ಗೋಡೆಯನ್ನು ಸರಿಯಾಗಿ ನೋಡಲು ಬರಲಿಲ್ಲ. ಟೆಂಡರ್, ಮರುಟೆಂಡರ್, ಪರಿಷ್ಕೃತ ಅಂದಾಜು, ಸಮಿತಿ, ಉಪಸಮಿತಿ. ಬರೆದು ಬರೆದು ಸಾಕಾಗಿದೆ ನನಗೆ. ಓದುವ ನಿಮಗೂ ಸಾಕಾಗಿರುತ್ತದೆ.

ಕಂಟ್ರಾಕ್ಟರುಗಳ ಮೇಲೇ ಎಲ್ಲ ಹಾಕುವುದೂ ನ್ಯಾಯ ಅಲ್ಲ. 2021ರಲ್ಲಿ ನಮ್ಮ ರಾಜ್ಯದ ಗುತ್ತಿಗೆದಾರರ ಸಂಘದವರೇ ಪ್ರಧಾನಿಗೆ ಪತ್ರ ಬರೆದು, ಕೆಲಸಕ್ಕೆ ಶೇ 40ರವರೆಗೆ ಕಮಿಷನ್ ಕೇಳುತ್ತಾರೆ ಅಂತ ಆರೋಪ ಮಾಡಿದ್ದರು. ಅದು ನಿಜವೇ ಆಗಿದ್ದರೆ ಲೆಕ್ಕ ಹಾಕಿ. ನೂರು ರೂಪಾಯಿಯ ಕೆಲಸವನ್ನು ಎಲ್ ಒನ್ ತೊಂಬತ್ತಕ್ಕೆ ಹಿಡಿದ. ಅದರಲ್ಲಿ ಮೂವತ್ತಾರು ಹೋಯಿತು. ಜಿಎಸ್‌ಟಿ ಇದೆ, ಅವನ ಮನೆ ಖರ್ಚು ಇದೆ, ಬಿಲ್ಲು ಪಾಸಾಗುವ ತನಕ ತಂದ ಸಾಲಕ್ಕೆ ಬಡ್ಡಿ ಇದೆ. ಉಳಿದದ್ದರಲ್ಲಿ ಅವನು ಅಳಲೆಕಾಯಿ ನೆನೆಸುತ್ತಾ ಕೂರುತ್ತಾನಾ? ಎರಡು ಕೋಟ್ ಡಿಸ್ಟೆಂಪರ್ ಹೊಡೆದು ಎಂ.ಬಿ., ಅಂದರೆ ಬಿಲ್ಲಿಗೆ ಬೇಕಾದ ಅಳತೆ ಪುಸ್ತಕ, ಬರೆಸುತ್ತಾನೆ. ಬಿರುಕು ಮುಚ್ಚಲು ಪುಟ್ಟಿ ಇದೆ.

ಕತ್ತಲಾಗುತ್ತಿತ್ತು. ಗಾಡಿಯವನಿಗೆ ಆ ಕಾಗದ ತೋರಿಸಿ, “ಇದರ ಇನ್ನೊಂದರ್ಧ ಇದೆಯೇನಪ್ಪ? ಯಾವ ಕಟ್ಟಡ ಅಂತ ನೋಡಬೇಕಿತ್ತು” ಅಂದೆ. ಅವನು ಕಟ್ಟು ತಿರುವಿ ಹಾಕಿ ನೋಡಿದ. “ಅದು ಆಗಲೇ ಯಾರಿಗೋ ಹೋಯ್ತು ಸಾರ್, ಖಾರ ಜಾಸ್ತಿ ಹಾಕಿಸಿಕೊಂಡರು” ಅಂದ. ನನ್ನ ಅರ್ಧದ ಮೂಲೆಯಲ್ಲಿ ಟೊಮೆಟೊ ಒರೆಸಿದ ಮೇಲೆ ಒಂದು ಸಾಲು ಕಂಡಿತು. ಕಾರಣ ನೀಡದೆ ಟೆಂಡರ್ ರದ್ದುಪಡಿಸುವ ಹಕ್ಕನ್ನು ಕಾಯ್ದಿರಿಸಲಾಗಿದೆ. ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡೆ.