ಕದ್ದ ದನಿ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಫ್ರೆಂಚ್ ಚಿತ್ರ ‘ದೀವಾ’ವನ್ನು ಮೂಗು ಮುರಿದು ನೋಡುವವರು ಇಂದಿಗೂ ಇದ್ದಾರೆ. 1981ರಲ್ಲಿ ಬಂದ ಇದು ಝಾನ್-ಝಾಕ್ ಬೆನೆಕ್ಸ್‌ನ ಮೊದಲ ಕಥಾಚಿತ್ರ. ಮೈತುಂಬ ನೀಲಿ ಬೆಳಕು, ಜಖಂಗೊಂಡ ಐಷಾರಾಮಿ ಕಾರುಗಳ ನಡುವೆ ಒಂದು ಮನೆ, ಪ್ಯಾರಿಸ್ ಮೆಟ್ರೋದ ಮೆಟ್ಟಿಲುಗಳಲ್ಲಿ ಧಡಧಡನೆ ಇಳಿಯುವ ಮೊಪೆಡ್. ನಾನೂ ಮೊದಲ ಸಲ ಆ ಬೆನ್ನಟ್ಟುವಿಕೆಗಾಗಿಯೇ ನೋಡಿದ್ದೆ.

ಎರಡನೆಯ ಸಲ ಹೆಡ್‌ಫೋನ್ ಹಾಕಿಕೊಂಡು ಕುಳಿತಾಗ ಗೊತ್ತಾಯಿತು, ಇದು ಕಿವಿಯ ಸಿನಿಮಾ. ಅದಕ್ಕೆ ಬಂದ ನಾಲ್ಕು ಸೀಜರ್ (ಫ್ರಾನ್ಸಿನ ಚಲನಚಿತ್ರ ಪ್ರಶಸ್ತಿ) ಪ್ರಶಸ್ತಿಗಳಲ್ಲಿ ಒಂದು ಸಂಗೀತಕ್ಕೆ, ಇನ್ನೊಂದು ಧ್ವನಿಗೆ.

ಜೂಲ್ ಒಬ್ಬ ಅಂಚೆಯ ಹುಡುಗ. ಅವನ ಆರಾಧ್ಯದೈವ ಗಾಯಕಿ ಸಿಂಥಿಯಾ ಹಾಕಿನ್ಸ್ ತನ್ನ ಹಾಡನ್ನು ಮುದ್ರಿಸಲು ಯಾರಿಗೂ ಬಿಟ್ಟವಳಲ್ಲ. ಆಕೆ ಇಟಲಿಯ ಸಂಗೀತಕಾರ ಕಾತಲಾನಿಯ ‘ಲಾ ವಾಲಿ’ ಒಪೆರಾದ ಹಾಡು ಎತ್ತಿಕೊಂಡಾಗ ಇವನ ಕಣ್ಣಲ್ಲಿ ನೀರು; ಬಗಲಲ್ಲಿ ಸದ್ದಿಲ್ಲದೆ ತಿರುಗುವ ನಾಗ್ರಾ ರೆಕಾರ್ಡರ್. ಭಕ್ತನೂ ಅವನೇ, ಕಳ್ಳನೂ ಅವನೇ. ಆ ಟೇಪಿಗಾಗಿ ನಕಲಿ ಕ್ಯಾಸೆಟ್ ದಂಧೆಯವರು ಬೆನ್ನು ಹತ್ತುತ್ತಾರೆ. ಸಾಲದೆಂಬಂತೆ, ಪೊಲೀಸ್ ಅಧಿಕಾರಿಯೊಬ್ಬನ ಪಾಪ ಬಯಲು ಮಾಡುವ ಮತ್ತೊಂದು ಟೇಪ್ ಅವನ ಮೊಪೆಡ್‌ನ ಚೀಲಕ್ಕೆ ಬಂದು ಬೀಳುತ್ತದೆ. ಕೊಲ್ಲಲು ಬಂದವನ ಕಿವಿಯಲ್ಲೂ ಸದಾ ಒಂದು ಇಯರ್‌ಫೋನ್!

ಕಥೆಯಲ್ಲಿ ತೂತುಗಳಿವೆ, ಒಪ್ಪುತ್ತೇನೆ. ಗೊರೊದೀಶ್ ಎಂಬ ಆಸಾಮಿ ಆಪತ್ಕಾಲಕ್ಕೆ ದೇವರಂತೆ ಪ್ರತ್ಯಕ್ಷನಾಗುವುದು ತೀರಾ ಅನುಕೂಲದ ಮಾತಾಯಿತು. ಆದರೆ ಅವನು ಮುಳುಗುಗಾರರ ಕನ್ನಡಕ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತ, ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಧ್ಯಾನವೆಂಬಂತೆ ಹುಡುಗನಿಗೆ ಬೋಧಿಸುವುದನ್ನು ನೋಡಿದರೆ ಎಲ್ಲವನ್ನೂ ಮಾಫಿ ಮಾಡಿಬಿಡುತ್ತೇನೆ.

ಜೂಲ್‌ನನ್ನು ಬೈಯಲು ನನಗೆ ಬಾಯಿಲ್ಲ. ಒಮ್ಮೆ ಸಂಗೀತ ಕಚೇರಿಯಲ್ಲಿ ಶಾಲಿನಡಿ ಮೊಬೈಲ್ ಇಟ್ಟು ನಾನೂ ಆಲಾಪವೊಂದನ್ನು ಕದ್ದಿದ್ದೆ. ಮನೆಗೆ ಬಂದು ಕೇಳಿದರೆ ಪಕ್ಕದವರ ಕೆಮ್ಮು, ನಾನೇ ತೊಡೆ ತಟ್ಟಿದ ತಾಳ. ಆಲಾಪ ಎಲ್ಲೋ ದೂರದಲ್ಲಿತ್ತು.

ಕೊನೆಯ ದೃಶ್ಯವನ್ನು ಹೇಳದೆ ಇರಲಾರೆ. ನೋಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ. ಖಾಲಿ ರಂಗಮಂದಿರ. ಜೂಲ್ ಕದ್ದ ಟೇಪನ್ನು ಹಾಕುತ್ತಾನೆ. ನಾನು ಹಾಡಿದ್ದನ್ನು ನಾನು ಯಾವತ್ತೂ ಕೇಳಿಯೇ ಇಲ್ಲ ಎನ್ನುತ್ತಾಳೆ ಸಿಂಥಿಯಾ. ಆ ಹುಡುಗ ಅವಳನ್ನು ತಬ್ಬಿ ನಿಲ್ಲುತ್ತಾನೆ, ಹಾಡು ಮುಂದುವರಿಯುತ್ತದೆ.