ಸ್ವಲ್ಪ ಈ ಕಡೆಗೂ ಊದು

ಕಳೆದ ಭಾನುವಾರ ನ್ಯೂಜೆರ್ಸಿಯಲ್ಲಿ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಅಲ್ಲೊಂದು ಜಾಹೀರಾತಿಗೆ ಫ್ರೇಮ್ ಹಾಕಿ ಇಟ್ಟಿದ್ದರು. ಚೆಸ್ಟರ್‌ಫೀಲ್ಡ್ ಸಿಗರೇಟಿನದು, 1926ರದ್ದು. ಬೆಳದಿಂಗಳ ರಾತ್ರಿ, ಗಂಡು ಸಿಗರೇಟು ಹಚ್ಚಿದ್ದಾನೆ. ಪಕ್ಕದಲ್ಲಿ ಕೂತ ಹುಡುಗಿ ಹೇಳುತ್ತಾಳೆ: 'ಸ್ವಲ್ಪ ಈ ಕಡೆಗೂ ಊದು'. ಅವಳ ಕೈಯಲ್ಲಿ ಸಿಗರೇಟಿಲ್ಲ. ಹೆಂಗಸು ಸೇದುವುದನ್ನೇ ತೋರಿಸಲು ಕಂಪನಿಗೆ ಇನ್ನೂ ಧೈರ್ಯ ಇರಲಿಲ್ಲ.

'ಎಷ್ಟು ರೊಮ್ಯಾಂಟಿಕ್ ಅಲ್ವಾ?' ಎಂದಳು ಅಂಗಡಿಯಾಕೆ. ನನಗೆ ಬಂಟ್ವಾಳದ ಜಗಲಿ ನೆನಪಾಯಿತು.

ಅಲ್ಲಿ ದೊಡ್ಡಮ್ಮ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆ ಕತ್ತರಿಸು, ಒಂದು ಚಿಟಿಕೆ ಹೊಗೆಸೊಪ್ಪು ಹಾಕು, ಸುರುಳಿ ಸುತ್ತು, ನೂಲು ಕಟ್ಟು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೋದರೆ 'ಇದು ಸರಿಯಿಲ್ಲ' ಅಂತ ಒಂದಷ್ಟು ಪಕ್ಕಕ್ಕೆ ಹಾಕುತ್ತಿದ್ದರು, ಅದಕ್ಕೆ ಕಾಸಿಲ್ಲ. ದಿನಾ ಇಷ್ಟು ಬೀಡಿ ಕೈದಾಟಿಸುವ ಹೆಂಗಸು ಒಂದನ್ನು ತುಟಿಗಿಟ್ಟಿದ್ದರೆ ಊರೇ ಮಾತಾಡುತ್ತಿತ್ತು. ಅವರ ಜಗಲಿಗೂ ಬೆಳದಿಂಗಳು ಬೀಳುತ್ತಿತ್ತು. ಬಿದ್ದರೆ ದೀಪದ ಎಣ್ಣೆ ಉಳಿಯಿತು ಅನ್ನುತ್ತಿದ್ದರು, ಅಷ್ಟೇ.

ಇಲ್ಲಿ ಅಮೆರಿಕದವರಿಗೆ ಮಾತ್ರ ಹೊಗೆಯಲ್ಲಿ ಏನೇನೋ ಕಂಡಿದೆ. 1929ರ ಈಸ್ಟರ್ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಹುಡುಗಿಯರು ಸಿಗರೇಟು ಸೇದುತ್ತಾ ನಡೆದರು. ಅದು 'ಸ್ವಾತಂತ್ರ್ಯದ ಪಂಜು' ಅಂತೆ. ಹಿಂದಿದ್ದವನು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ನಿಪುಣ, ಅವನಿಗೆ ದುಡ್ಡು ಕೊಟ್ಟದ್ದು ಲಕ್ಕಿ ಸ್ಟ್ರೈಕ್ ಸಿಗರೇಟು ಮಾರುವ ಕಂಪನಿ. 1956ರಲ್ಲಿ ಬಂದ ಸೇಲಂ ಸಿಗರೇಟಿನ ಜಾಹೀರಾತುಗಳಲ್ಲಿ ಹಸಿರು, ತೊರೆ, ಪ್ರೇಮಿಗಳು. ಕೆಮ್ಮು ಎಲ್ಲೂ ಇಲ್ಲ. ಪ್ರೀತಿ ಬೇಕಾ, ಬಿಡುಗಡೆ ಬೇಕಾ, ಒಂದು ಪ್ಯಾಕ್ ಕೊಳ್ಳಿ! ನಮ್ಮ ಹೆಂಗಸರು ಇಂಥದ್ದಕ್ಕೆ ಬೀಳುವವರಲ್ಲ ಅಂತ ನನಗೆ ಸುಮ್ನೆ ಒಂದು ಜಂಬ ಬಂತು.

ಜಂಬ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ನಮ್ಮಲ್ಲೂ ವಿಲ್ಸ್ ಸಿಗರೇಟಿನವರ 'ಮೇಡ್ ಫಾರ್ ಈಚ್ ಅದರ್' ಜೋಡಿ ಇತ್ತಲ್ಲ, ಪತ್ರಿಕೆಗಳಲ್ಲಿ ನಗುತ್ತಾ ನಿಂತಿರುತ್ತಿದ್ದ ಗಂಡ ಹೆಂಡತಿ. ಅಕ್ಕ ಅದನ್ನು ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಳು. ಕೇಳಿದರೆ ರವಿಕೆ ತೋಳಿನ ಡಿಸೈನ್ ನೋಡಲಿಕ್ಕೆ ಅನ್ನುತ್ತಿದ್ದಳು.

ಇನ್ನು ದೊಡ್ಡಮ್ಮ. ಅವರಿಗೆ ಯಾವ ಜೋಡಿಯ ಚಿತ್ರವೂ ಬೇಕಿರಲಿಲ್ಲ. ಎಲೆಅಡಿಕೆಗೆ ಹೊಗೆಸೊಪ್ಪು ಮುಗಿದಿದ್ದರೆ, ಅತ್ತಿತ್ತ ನೋಡಿ, ಗೆರಸೆಯಿಂದಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.